ಆರಿಸಿ ಬಂದವರೂ ನೇಮಕವಾದವರೂ
(ಮುಗಳಖೋಡದಲ್ಲಿ ಮಾಡಿದ ಭಾಷಣ)



ಅಮೇರಿಕದ ಹಲವು ರಾಜ್ಯಗಳಲ್ಲಿ ಉಪರಾಜ್ಯಪಾಲರನ್ನು ಜನರೇ ಓಟು ಹಾಕಿ ಆರಿಸುತ್ತಾರೆ. ನಮ್ಮಲ್ಲಿ? ಪಕ್ಕದ ಜಮಖಂಡಿಯ ಬಿ. ಡಿ. ಜತ್ತಿಯವರನ್ನೇ ನೋಡಿರಿ. ಶಾಸನಸಭೆಗೆ ಹೋಗಬೇಕಾದರೆ ಅವರು ಒಕ್ಕಲಿಗನ, ನೇಕಾರನ ಓಟು ಕೇಳಬೇಕಾಗಿತ್ತು. 1968ರಲ್ಲಿ ಪಾಂಡಿಚೇರಿಯ ಉಪರಾಜ್ಯಪಾಲರಾಗಲು ದಿಲ್ಲಿಯ ಆಜ್ಞೆಯೊಂದೇ ಸಾಕಾಯಿತು. ಅಲ್ಲಿನ ಗಿರಣಿ ಕಾರ್ಮಿಕನನ್ನು ಯಾರೂ ಕೇಳಲಿಲ್ಲ. ಜತ್ತಿಯವರು ಸಜ್ಜನರು, ಆ ಮಾತು ಬೇರೆ.

1947ರಲ್ಲಿ ಸಂವಿಧಾನ ಸಭೆಯು ರಾಜ್ಯಪಾಲರನ್ನು ಜನರೇ ಆರಿಸಲಿ ಎಂದು ಒಪ್ಪಿತ್ತು. 1949ರ ಮೇ ತಿಂಗಳಲ್ಲಿ ಮಾತು ಬದಲಿಸಿತು. ಆರಿಸಿ ಬಂದ ರಾಜ್ಯಪಾಲರಿಗೂ ಮುಖ್ಯಮಂತ್ರಿಗೂ ಜಗಳ ಬಂದೀತೆಂಬ ಅಂಜಿಕೆ. ಅಂಜಿಕೆ ಪೊಳ್ಳಲ್ಲ. ಆದರೆ ನೇಮಕದಿಂದ ಜಗಳ ತಪ್ಪಿತೇ? 1989ರಲ್ಲಿ ಬೊಮ್ಮಾಯಿ ಸರಕಾರ ಬಿದ್ದದ್ದು ಸದನದ ಮತದಿಂದಲ್ಲ, ರಾಜ್ಯಪಾಲರ ವರದಿಯಿಂದ. ಬಹುಮತವನ್ನು ಸದನದಲ್ಲೇ ಪರೀಕ್ಷಿಸಬೇಕೆಂದು ಸುಪ್ರೀಂ ಕೋರ್ಟು ಹೇಳಿದ್ದು 1994ರಲ್ಲಿ. ಅಷ್ಟರಲ್ಲಿ ಐದು ವರ್ಷ ಕಳೆದಿತ್ತು.