ಅರಿವಳಿಕೆ ವೈದ್ಯರ ಹೆಸರು ಕೇಳಿ



ನಿಮ್ಮ ಮನೆಯಲ್ಲಿ ಯಾರಿಗಾದರೂ ಆಪರೇಷನ್ ಆಗಿದ್ದರೆ, ಮಾಡಿದ ಡಾಕ್ಟರು ಯಾರು ಎಂದು ಕೇಳಿ ನೋಡಿ. ಹತ್ತು ವರ್ಷ ಕಳೆದಿದ್ದರೂ ಸರ್ಜನ್ ಹೆಸರು ಥಟ್ಟನೆ ಬರುತ್ತದೆ. ಮತ್ತು ಬರಿಸಿದವರು ಯಾರು ಎಂದು ಕೇಳಿ. "ಯಾರೋ ಒಬ್ಬರು ಬಂದಿದ್ದರು, ಬೆನ್ನಿಗೆ ಇಂಜೆಕ್ಷನ್ ಕೊಟ್ಟರು" ಎನ್ನುತ್ತಾರೆ, ಅಷ್ಟೆ. ಬಹಳ ವರ್ಷ ಅರಿವಳಿಕೆ ವೈದ್ಯನಾಗಿ ದುಡಿದವನು ನಾನು. ಹೆಸರು ನೆನಪಿಲ್ಲವಲ್ಲ ಎಂದು ನನಗೆ ಬೇಸರವಿಲ್ಲ. ಆದರೆ ಆಪರೇಷನ್ನಿಗೆ ಮೊದಲೇ ಆ ಹೆಸರನ್ನು ಕೇಳದೆ ಇರುವುದರಿಂದ ರೋಗಿಗೆ ಎರಡು ಕಡೆ ನಷ್ಟವಾಗುತ್ತದೆ. ಒಂದು ಜೀವದ ವಿಷಯದಲ್ಲಿ, ಇನ್ನೊಂದು ದುಡ್ಡಿನ ವಿಷಯದಲ್ಲಿ.

ಮೊದಲು ಜೀವದ ವಿಷಯ. 1846ರ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್ ಆಸ್ಪತ್ರೆಯಲ್ಲಿ ವಿಲಿಯಂ ಮಾರ್ಟನ್ ಎಂಬ ದಂತವೈದ್ಯರು ಈಥರ್ ಕೊಟ್ಟು, ರೋಗಿ ನೋವಿಲ್ಲದೆ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬಹುದೆಂದು ಎಲ್ಲರೆದುರು ತೋರಿಸಿದರು. ಮುಂದಿನ ಮಾರ್ಚ್ ಹೊತ್ತಿಗೆ ಈಥರ್ ಕಲ್ಕತ್ತಕ್ಕೂ ಬಂತು. ಆ ಕಾಲದಲ್ಲಿ ಬಟ್ಟೆಯ ಮೇಲೆ ಔಷಧಿ ಹನಿಸಿ ಮೂಗಿಗೆ ಹಿಡಿದರೆ ಕೆಲಸ ಮುಗಿಯಿತು ಎಂಬ ಭಾವನೆಯಿತ್ತು. ಈಗ ಹಾಗಲ್ಲ. ಪೂರ್ತಿ ಮತ್ತು ಬರಿಸಿದಾಗ ಸ್ನಾಯುಗಳನ್ನು ಸಡಿಲಿಸುವ ಔಷಧಿಯನ್ನೂ ಕೊಟ್ಟರೆ ರೋಗಿಯ ಉಸಿರೇ ನಿಲ್ಲುತ್ತದೆ. ಆಪರೇಷನ್ ಮುಗಿಯುವವರೆಗೂ ಅವರ ಉಸಿರಾಟ ಅರಿವಳಿಕೆ ವೈದ್ಯರ ಕೈಯಲ್ಲಿರುತ್ತದೆ. ಬೆನ್ನಿಗೆ ಇಂಜೆಕ್ಷನ್ ಕೊಟ್ಟಾಗ ಬಿಪಿ ಸರ್ರನೆ ಇಳಿಯಬಹುದು. ಆ ಗಳಿಗೆಯಲ್ಲಿ ಪಕ್ಕದಲ್ಲಿ ನಿಂತವರಿಗೆ ಏನು ಮಾಡಬೇಕೆಂದು ಗೊತ್ತಿರಬೇಕು.

ಗೊತ್ತಿದೆಯೆಂದು ನಾವು ತಿಳಿಯುವುದು ಹೇಗೆ? ನಾಲ್ಕೂವರೆ ವರ್ಷದ ಎಂಬಿಬಿಎಸ್, ಒಂದು ವರ್ಷದ ಇಂಟರ್ನ್‌ಶಿಪ್, ಆಮೇಲೆ ಅರಿವಳಿಕೆಯಲ್ಲೇ ಮೂರು ವರ್ಷದ ಎಂಡಿ ಇಲ್ಲವೇ ಡಿಎನ್‌ಬಿ. ಹಳಬರಲ್ಲಿ ಎರಡು ವರ್ಷದ ಡಿಪ್ಲೊಮಾ, ಅಂದರೆ ಡಿಎ ಮಾಡಿದವರು ಬಹಳ ಮಂದಿ ಇದ್ದಾರೆ. ಪದವಿ ಪಡೆದರಷ್ಟೇ ಸಾಲದು, ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ಹೆಸರು ನೋಂದಣಿಯಾಗಬೇಕು. ಎಂಬಿಬಿಎಸ್‌ಗೆ ಒಮ್ಮೆ ನೋಂದಣಿ, ಆಮೇಲೆ ಎಂಡಿ ಅಥವಾ ಡಿಎ ಪದವಿಯನ್ನೂ ಹೆಚ್ಚುವರಿ ಅರ್ಹತೆಯಾಗಿ ಅದಕ್ಕೆ ಸೇರಿಸಬೇಕು. ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಔಷಧಿ ಚೀಟಿಯ ಮೇಲೆ, ರಸೀದಿಯ ಮೇಲೆ ನೋಂದಣಿ ಸಂಖ್ಯೆ ಇರಲೇಬೇಕು ಎಂದು 2002ರ ವೈದ್ಯಕೀಯ ನೀತಿಸಂಹಿತೆ ಹೇಳುತ್ತದೆ. ಒಂದು ವಿಷಯದಲ್ಲಿ ವಿಶೇಷ ಪದವಿ ಇಲ್ಲದವರು ತಾವು ಅದರ ತಜ್ಞರೆಂದು ಹೇಳಿಕೊಳ್ಳುವಂತಿಲ್ಲ ಎಂದೂ ಅದರಲ್ಲೇ ಇದೆ.

ಇಲ್ಲೊಂದು ಮಾತು ಹೇಳಬೇಕು. ತಾಲೂಕು ಆಸ್ಪತ್ರೆಗಳಲ್ಲಿ ಹೆರಿಗೆಯ ತುರ್ತಿಗೆ ಅರಿವಳಿಕೆ ತಜ್ಞರು ಸಿಗದೆ ತಾಯಂದಿರು ಸಾಯುತ್ತಿದ್ದುದನ್ನು ಕಂಡು, ಕೇಂದ್ರ ಸರ್ಕಾರ ಎಂಬಿಬಿಎಸ್ ವೈದ್ಯರಿಗೇ ಜೀವ ಉಳಿಸುವ ಅರಿವಳಿಕೆಯ ತರಬೇತಿ ಕೊಡಿಸಿತು. ಆರಂಭದಲ್ಲಿ ಅದು 18 ವಾರದ ತರಬೇತಿ. ಹಾಗೆ ಕಲಿತವರು ಸಿಸೇರಿಯನ್‌ಗೆ ಬೆನ್ನಿನ ಇಂಜೆಕ್ಷನ್ ಕೊಟ್ಟರೆ ಅಂಜಬೇಡಿ, ಅವರನ್ನು ತಯಾರು ಮಾಡಿದ್ದೇ ಅದಕ್ಕಾಗಿ. ಅಂಜಬೇಕಾದ್ದು ಬೇರೆಯದಕ್ಕೆ: ಸರ್ಜನ್ ತಾವೇ ಇಂಜೆಕ್ಷನ್ ಕೊಟ್ಟು, ತಾವೇ ಆಪರೇಷನ್‌ಗೂ ಕೈಹಾಕಿ, ರೋಗಿಯ ಉಸಿರು ನೋಡಲು ಥಿಯೇಟರ್ ಟೆಕ್ನಿಷಿಯನ್ನನ್ನು ನಿಲ್ಲಿಸುವುದಕ್ಕೆ. ಟೆಕ್ನಿಷಿಯನ್ ಇಲ್ಲದೆ ನಮ್ಮ ಕೆಲಸ ನಡೆಯುವುದಿಲ್ಲ, ನಿಜ. ಆದರೆ ಅವರು ವೈದ್ಯರಲ್ಲ.

ಹೆಸರು ಕೇಳಲು ಸರಿಯಾದ ಹೊತ್ತು ಆಪರೇಷನ್ನಿನ ಹಿಂದಿನ ದಿನ. ಅರಿವಳಿಕೆ ವೈದ್ಯರು ಬಂದು ರೋಗಿಯನ್ನು ನೋಡಲೇಬೇಕು. ಬಾಯಿ ಅಗಲವಾಗಿ ತೆರೆಯಮ್ಮಾ, ಅಲುಗಾಡುವ ಹಲ್ಲಿದೆಯೇ, ಕಟ್ಟಿಸಿದ ಹಲ್ಲೇ? ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆಯೇ? ಬಿಪಿ ಮಾತ್ರೆ ಯಾವುದು? ಹಿಂದೆ ಮತ್ತು ಕೊಟ್ಟಾಗ ಏನಾದರೂ ತೊಂದರೆಯಾಗಿತ್ತೇ? ಇಷ್ಟನ್ನೂ ಕೇಳುತ್ತಾರೆ, ಊಟ ಯಾವಾಗ ನಿಲ್ಲಿಸಬೇಕೆಂದೂ ಹೇಳುತ್ತಾರೆ. ಒಮ್ಮೆ ಒಬ್ಬ ಅಜ್ಜಿ, ಖಾಲಿ ಹೊಟ್ಟೆಯಲ್ಲಿ ಮೊಮ್ಮಗಳನ್ನು ಇರಿಸಬಾರದೆಂದು, ಆಪರೇಷನ್ ದಿನ ಬೆಳಿಗ್ಗೆ ಗುಟ್ಟಾಗಿ ಎರಡು ತುತ್ತು ಮುದ್ದೆ ತಿನ್ನಿಸಿದ್ದರು. ಹುಡುಗಿಯ ತುಟಿಯಂಚಿನಲ್ಲಿ ಸಾರು ಒಣಗಿತ್ತು. ಅದನ್ನು ಕಂಡು ಆಪರೇಷನ್ ಮುಂದಕ್ಕೆ ಹಾಕಿದೆವು. ಮತ್ತಿನಲ್ಲಿ ವಾಂತಿಯಾಗಿ ಅನ್ನ ಶ್ವಾಸಕೋಶಕ್ಕೆ ಇಳಿದರೆ ಉಳಿಸುವುದು ಕಷ್ಟ. ಗಟ್ಟಿ ಆಹಾರ ಆರು ಗಂಟೆ ಮೊದಲೇ ನಿಲ್ಲಬೇಕು ಎನ್ನುವುದು ಅದಕ್ಕೇ.

ನಮ್ಮ ಸಣ್ಣ ಊರುಗಳಲ್ಲಿ ಅರಿವಳಿಕೆ ವೈದ್ಯರು ಹೆಚ್ಚಾಗಿ ಒಂದೇ ಆಸ್ಪತ್ರೆಯವರಲ್ಲ. ಬೆಳಿಗ್ಗೆ ಒಂದು ನರ್ಸಿಂಗ್ ಹೋಮ್, ಮಧ್ಯಾಹ್ನ ಇನ್ನೊಂದು. ದುಡ್ಡಿನ ಗೋಜಲು ಹುಟ್ಟುವುದು ಇಲ್ಲೇ. ನನ್ನ ಸಂಬಂಧಿಕರೊಬ್ಬರು ಆಯುಷ್ಮಾನ್ ಕಾರ್ಡಿನಲ್ಲಿ ಖಾಸಗಿ ಆಸ್ಪತ್ರೆ ಸೇರಿದ್ದರು. ಡಿಸ್ಚಾರ್ಜ್ ದಿನ ಕೌಂಟರಿನಲ್ಲಿ ಒಂದು ಬಿಳಿ ಚೀಟಿ ಕೊಟ್ಟರು. ಅದರಲ್ಲಿ "ಅನಸ್ತೇಶಿಯಾ" ಎಂದು ಬರೆದು ಪಕ್ಕದಲ್ಲಿ ಒಂದು ಮೊತ್ತ. ಆಸ್ಪತ್ರೆಯ ಹೆಸರಿಲ್ಲ, ಸಂಖ್ಯೆಯಿಲ್ಲ, ಮುದ್ರೆಯಿಲ್ಲ. "ಡಾಕ್ಟರು ಹೊರಗಿನಿಂದ ಬಂದವರು, ಅವರದು ಕಾರ್ಡಿಗೆ ಬರುವುದಿಲ್ಲ" ಎಂದರಂತೆ. ಹೆಂಡತಿಯ ಓಲೆ ಅಡವಿಟ್ಟು ಕಟ್ಟಿದರು.

ಕಾರ್ಡಿಗೆ ಬರುವುದಿಲ್ಲ ಎಂಬುದು ಸುಳ್ಳು ಮಾತು. ನಮ್ಮಲ್ಲಿ ಆಯುಷ್ಮಾನ್ ಯೋಜನೆಗೆ ಸೇರುವುದು ಆಸ್ಪತ್ರೆ, ಒಬ್ಬೊಬ್ಬ ವೈದ್ಯರಲ್ಲ. ಅಮೆರಿಕದಲ್ಲಿ ಬೇರೆ ಪದ್ಧತಿ: ಎಷ್ಟೋ ವೈದ್ಯರು ವಿಮಾ ಕಂಪನಿಯ ಜೊತೆ ತಾವೇ ಒಪ್ಪಂದ ಮಾಡಿಕೊಳ್ಳುತ್ತಾರೆ. ಹಾಗಾಗಿ ಆಸ್ಪತ್ರೆ ವಿಮೆಯ ಒಳಗಿದ್ದರೂ ಅರಿವಳಿಕೆ ವೈದ್ಯರು ಹೊರಗಿದ್ದು, ರೋಗಿಯ ಮನೆಗೆ ಬೇರೆ ಬಿಲ್ ಬರುತ್ತಿತ್ತು. ಅದನ್ನು ತಡೆಯಲು ಅಲ್ಲಿ 2022ರ ಜನವರಿಯಿಂದ ಕಾನೂನೇ ಜಾರಿಯಾಯಿತು. ನಮ್ಮ ಯೋಜನೆಯಲ್ಲಿ ಅಂಥ ಬೇರೆ ಬಿಲ್ಲಿಗೆ ಆಸ್ಪದವೇ ಇಲ್ಲ.

2018ರ ಮಾರ್ಚ್‌ನಲ್ಲಿ ರಾಜ್ಯದ ಆರೋಗ್ಯ ಕರ್ನಾಟಕ ಯೋಜನೆ ಶುರುವಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅದು ಕೇಂದ್ರದ ಆಯುಷ್ಮಾನ್ ಭಾರತದೊಂದಿಗೆ ಸೇರಿತು. ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ನ್ನು ಸರ್ಕಾರ ಭರಿಸುತ್ತದೆ, ವರ್ಷಕ್ಕೆ ಒಂದೂವರೆ ಲಕ್ಷ ಮೀರದಂತೆ. ತುರ್ತು ಇಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆಗದಿದ್ದರೆ ರೆಫರಲ್ ಚೀಟಿ ಪಡೆದು ಖಾಸಗಿಗೆ. ಪ್ಯಾಕೇಜ್ ಎಂದರೆ ಹಾಸಿಗೆ, ಔಷಧಿ, ಪರೀಕ್ಷೆ, ಥಿಯೇಟರ್, ಆಮ್ಲಜನಕ, ಸರ್ಜನ್ ಫೀಸು, ಅರಿವಳಿಕೆ ವೈದ್ಯರ ಫೀಸು, ಅರಿವಳಿಕೆಯ ಔಷಧಿ, ಎಲ್ಲವೂ ಸೇರಿದ ಒಂದೇ ಮೊತ್ತ. ಹೊರಗಿನಿಂದ ಬಂದ ವೈದ್ಯರಿಗೂ ಅದರಿಂದಲೇ ಆಸ್ಪತ್ರೆ ಕೊಡಬೇಕು.

ಪ್ಯಾಕೇಜ್ ದರ ಸಾಲದು, ಹಣ ಬರುವುದು ತಡ ಎಂಬ ಆಸ್ಪತ್ರೆಗಳ ದೂರಿನಲ್ಲಿ ಹುರುಳಿದೆ. ನನ್ನ ಎಷ್ಟೋ ಸಹೋದ್ಯೋಗಿಗಳಿಗೆ ಸಲ್ಲಬೇಕಾದ್ದು ಸಂದಿಲ್ಲ. ಆ ಜಗಳವನ್ನು ಸರ್ಕಾರದ ಮುಂದೆ ಆಡಬೇಕು. ಬಡವರ ಓಲೆಯ ಮೇಲಲ್ಲ.

ಆದ್ದರಿಂದ ಹಿಂದಿನ ದಿನವೇ ಕೇಳಿ: ಮತ್ತು ಕೊಡುವವರು ಯಾರು, ಏನು ಓದಿದ್ದಾರೆ? ಒಳ್ಳೆಯ ವೈದ್ಯರಿಗೆ ಈ ಪ್ರಶ್ನೆಯಿಂದ ಸಿಟ್ಟು ಬರುವುದಿಲ್ಲ. ಬೇರೆ ಫೀಸು ಕೇಳಿದರೆ ಮುದ್ರಿತ ರಸೀದಿ ಕೇಳಿ, ಆಸ್ಪತ್ರೆಯಲ್ಲೇ ಕೂರುವ ಯೋಜನೆಯ ಸಿಬ್ಬಂದಿ ಆರೋಗ್ಯ ಮಿತ್ರರಿಗೆ ತಿಳಿಸಿ. ಅಲ್ಲಿ ಆಗದಿದ್ದರೆ ಯೋಜನೆಯ ಸಹಾಯವಾಣಿ 14555ಕ್ಕೆ ಕರೆ ಮಾಡಿ. ಈ ಸಂಖ್ಯೆಯನ್ನು ಈಗಲೇ ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಟ್ಟುಕೊಳ್ಳಿ: ಒಂದು, ನಾಲ್ಕು, ಐದು, ಐದು, ಐದು.