ಸೆಕೆಯೂ ಗೆಡ್ಡೆಗೆಣಸಿನ ರುಚಿಯೂ



‘ಕಂದಮೂಲ’ ಎಂಬ ಮಾತು ನಮಗೆ ನೆನಪಾಗುವುದು ಋಷ್ಯಾಶ್ರಮದ ಕಥೆ ಹೇಳುವಾಗ ಮಾತ್ರ. ಅದು ಜೋಡುಪದ: ಕಂದವೆಂದರೆ ಗೆಡ್ಡೆ, ಮೂಲವೆಂದರೆ ಬೇರು. ಪದ ಬಿಡಿಸುವುದು ಪಂಡಿತನ ಚಪಲವೆಂದು ನಗಬೇಡಿ. ಸೆಕೆ ಏರಿದಾಗ ಮಣ್ಣೊಳಗಿನ ಕಾಯಿಪಲ್ಯಗಳಿಗೆಲ್ಲ ಒಂದೇ ಗತಿಯಲ್ಲವೆಂದು ಹೇಳುವುದಕ್ಕೆ ಈ ಭೇದ ಬೇಕಾಗುತ್ತದೆ.

ಗಜ್ಜರಿ, ಎಂದರೆ ನಾವು ಸಂತೆಯಲ್ಲಿ ಕೇಳುವ ಕ್ಯಾರೆಟ್ಟು, ಚಳಿಯನ್ನು ಮೆಚ್ಚುವ ಮೂಲ. ಅದರ ಎಲೆ ಹಗಲಿನಲ್ಲಿ ಸಕ್ಕರೆಯನ್ನು ಸಂಪಾದಿಸುತ್ತದೆ. ಇರುಳಲ್ಲಿ ಗಿಡ ಉಸಿರಾಡುತ್ತ ಅದರಲ್ಲೊಂದು ಪಾಲನ್ನು ವೆಚ್ಚಮಾಡುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ಈ ವೆಚ್ಚ ಹೆಚ್ಚುಕಡಮೆ ಇಮ್ಮಡಿಯಾಗುತ್ತದೆ. ಹಾಗಾಗಿ ಹಗಲಿನ ಬಿಸಿಲನ್ನಷ್ಟೇ ಅಲ್ಲ, ಇರುಳಿನ ಸೆಕೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸುಮಾರು 1150 ಮೀಟರ್ ಎತ್ತರದ ನಮ್ಮ ಮಡಿಕೇರಿಯಲ್ಲಿ ಡಿಸೆಂಬರ್, ಜನವರಿಯ ರಾತ್ರಿಗಳು ಈ ಉಳಿತಾಯಕ್ಕೆ ಹೇಳಿಮಾಡಿಸಿದಂಥವು. ಆದರೆ 19ನೆಯ ಶತಮಾನದ ಉತ್ತರಾರ್ಧಕ್ಕೆ ಹೋಲಿಸಿದರೆ 2011ರಿಂದ 2020ರ ದಶಕದಲ್ಲಿ ಭೂಮಿಯ ಸರಾಸರಿ ಉಷ್ಣತೆ ಸುಮಾರು 1.1 ಡಿಗ್ರಿ ಹೆಚ್ಚಾಗಿದೆ. ಬೆಟ್ಟದ ಮೇಲಿದ್ದೇವೆಂದು ನಾವು ನಿಶ್ಚಿಂತರಾಗಿರುವಂತಿಲ್ಲ.

ನಾರ್ವೆ ದೇಶದ ವಿಜ್ಞಾನಿಗಳು ಗಜ್ಜರಿಯನ್ನು 9ರಿಂದ 21 ಡಿಗ್ರಿಯವರೆಗೆ ಬೇರೆ ಬೇರೆ ಉಷ್ಣತೆಯಲ್ಲಿ ಬೆಳೆಸಿ ರುಚಿ ನೋಡಿದ್ದಾರೆ. ತಂಪಿನಲ್ಲಿ ಬೆಳೆದದ್ದು ಸಿಹಿ. ಬಿಸುಪಿನಲ್ಲಿ ಬೆಳೆದದ್ದಕ್ಕೆ ಟರ್ಪೀನ್ ಎಂಬ ವಾಸನಾದ್ರವ್ಯಗಳು ಹೆಚ್ಚಿ ಕಹಿ. ಹಾಗೆಂದು ಚಳಿ ಹೆಚ್ಚಿದಷ್ಟೂ ಒಳ್ಳೆಯದೆನ್ನಲಾಗದು. ಕಣ್ಣಿಗೆ ಹಿತವಾದ ‘ಎ’ ಜೀವಸತ್ವವಾಗುವ ಕೆರೋಟಿನ್ ಕೂಡಿಬರಲು ಹದವಾದ ಬಿಸುಪೂ ಬೇಕು. ಆ ಹದ ಮೀರಿ ಕಾದರೆ ಬಣ್ಣವೂ ಹೋಗುತ್ತದೆ, ಸತ್ವವೂ ಹೋಗುತ್ತದೆ. ಮೂಲಂಗಿಯಾದರೋ ಸೆಕೆಗೆ ಬೆಂಡಾಗಿ ಖಾರ ಕಾರುತ್ತದೆ.

ಇನ್ನು ಕಂದ. ಪುತ್ತರಿಯಂದು ಬೇಯಿಸಿ ಬೆಲ್ಲದೊಡನೆ ತಿನ್ನುವ ಬಳ್ಳಿಗೆಣಸಿಗೆ 25, 30 ಡಿಗ್ರಿಯ ಬಿಸುಪು ಹಿತವೇ. ಹಗಲು ಕುಗ್ಗುತ್ತ ಬಂದಂತೆ ಅದರ ಗೆಡ್ಡೆ ಉಬ್ಬುತ್ತದೆ. ಅದಕ್ಕೆ ಹೊಡೆತ ಬೀಳುವುದು ಸೆಕೆಯಿಂದಲ್ಲ, ಬಳ್ಳಿ ಹಬ್ಬುವ ಕಾಲದಲ್ಲಿ ಮಳೆ ಕೈಕೊಟ್ಟರೆ.

ಮರಗೆಣಸು ಮೂಲವೇ ಆದರೂ ಬಿಸಿಲಿಗೆ ಬಗ್ಗುವುದಿಲ್ಲ. ಅಪಾಯವಿರುವುದು ಅಲ್ಲಿಯೇ. ಬರದಲ್ಲಿ ಅದರೊಳಗಿನ ಸಯನೈಡಿನ ಅಂಶ ಹೆಚ್ಚುತ್ತದೆ. ಮಳೆ ಸಾಲದ ವರ್ಷ ಅಕ್ಕಿ ತುಟ್ಟಿಯಾದಾಗಲೇ ಬಡವರ ಮನೆಯಲ್ಲಿ ಮರಗೆಣಸು ಬೇಯುವುದು. ಅದನ್ನು ಹಸಿಯಾಗಿ ಮಕ್ಕಳ ಕೈಗೆ ಕೊಡಲೇಬಾರದು. ಸಿಪ್ಪೆ ಹೆರೆದು, ಸಣ್ಣ ಹೋಳು ಮಾಡಿ, ನೆನೆಹಾಕಿ, ತೆರೆದ ಪಾತ್ರೆಯಲ್ಲಿ ಬಹಳ ನೀರು ಹಾಕಿ ಬೇಯಿಸಿ, ಆ ನೀರನ್ನು ಬಸಿದು ಚೆಲ್ಲಬೇಕು. ಕಹಿಯಾದ ಗೆಣಸನ್ನು ಉಣ್ಣದಿರುವುದೇ ಲೇಸು.

ಹಿತ್ತಿಲಲ್ಲಿ ಗಜ್ಜರಿ ಹಾಕುವವರು ಮಳೆ ಹಿಂದೆಗೆದೊಡನೆ ಅಕ್ಟೋಬರಿನಲ್ಲೇ ಬಿತ್ತಿದರೆ ಬೇರು ದಪ್ಪವಾಗುವ ಹೊತ್ತಿಗೆ ಚಳಿ ಸಿಗುತ್ತದೆ. ಸಾಲುಗಳ ನಡುವೆ ತರಗು ಹರಡಿದರೆ ಮಣ್ಣು ತಂಪಾಗಿರುತ್ತದೆ. ಕಿತ್ತಮೇಲೆ ಸೊಪ್ಪನ್ನು ಅಂದಕ್ಕೆಂದು ಉಳಿಸಬೇಡಿ. ಅದು ಇರುವಷ್ಟು ಹೊತ್ತೂ ಬೇರಿನ ನೀರನ್ನು ಹೀರುತ್ತಿರುತ್ತದೆ.