ಒಕ್ಕೂಟದ ಲ್ಯಾಪ್‌ಟಾಪ್‌ಗೆ ವೈಫೈ ಬಾರದೇ ಹೋದಾಗ

(ಮಹಿಳಾ ಒಕ್ಕೂಟದ ತಿಂಗಳ ಸಭೆಯಲ್ಲಿ ಲೆಕ್ಕಪತ್ರ ಸಮಿತಿಯ ಸದಸ್ಯೆಯರು ಆಡಿದ ಮಾತು)

ಕಳೆದ ಸಭೆಯಲ್ಲಿ ನೀವು ನಮ್ಮನ್ನು ಒಂದು ಪ್ರಶ್ನೆ ಕೇಳಿದ್ರಿ. "ಲ್ಯಾಪ್‌ಟಾಪ್ ಹಾಳಾಗಿದೆ ಅಂದ್ರಿ, ಈಗ ಸರಿಯಿದೆ ಅಂತೀರಿ, ಆದರೆ ರಿಪೇರಿ ಖರ್ಚು ಲೆಕ್ಕದಲ್ಲಿ ಕಾಣೋದಿಲ್ಲ, ಇದೇನು?" ಕೇಳಿದ್ದು ಸರಿಯಾಗಿಯೇ ಇದೆ. ಉತ್ತರ ಕೊಡುವುದಕ್ಕಾಗಿಯೇ ನಾವು ಮೂವರು ಇವತ್ತು ಎದ್ದು ನಿಂತಿದ್ದೇವೆ.

ಮೊದಲು ಯಂತ್ರದ ವಿಷಯ. ನಮ್ಮದು ಬೇರೆಯವರು ಬಳಸಿ ಕೊಟ್ಟ ಹಳೆಯ ಲ್ಯಾಪ್‌ಟಾಪ್. ಅದರಲ್ಲಿ ವಿಂಡೋಸ್ 10 ಇತ್ತು. ಅದಕ್ಕೆ ಕಂಪನಿ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣ ಅಂದ್ರೆ ಇಷ್ಟು ಹಳೆಯ ಯಂತ್ರಕ್ಕೆ ಅದು ಕೂರುವುದಿಲ್ಲ. ಆಗ ಸದಸ್ಯೆಯೊಬ್ಬರ ಮಗಳು, ಡಿಪ್ಲೊಮಾ ಓದುವ ಹುಡುಗಿ, ಉಬುಂಟು ಹಾಕಿಕೊಟ್ಟಳು. ಇದು ಲಿನಕ್ಸ್ ಜಾತಿಯದು. ದುಡ್ಡು ಕೊಡಬೇಕಾಗಿಲ್ಲ. ಅದರ ಒಳಗಿನ ಬರಹವನ್ನು ಯಾರು ಬೇಕಾದರೂ ತೆರೆದು ನೋಡಬಹುದು, ತಿದ್ದಬಹುದು. ಅದಕ್ಕೇ ಇದನ್ನು ಮುಕ್ತ ತಂತ್ರಾಂಶ ಅನ್ನುತ್ತಾರೆ. ಕೇರಳದ ಸರ್ಕಾರಿ ಶಾಲೆಗಳ ಮಕ್ಕಳು ಕಲಿಯುವುದೂ ಲಿನಕ್ಸನ್ನೇ, ಕಾಸರಗೋಡಿನ ಕನ್ನಡ ಮಕ್ಕಳೂ ಕೂಡ. ಹಾಗಾಗಿ ಇದೇನೋ ನಮಗೆ ಆಗದ ವಿದ್ಯೆ ಅಂದುಕೊಳ್ಳಬೇಕಾಗಿಲ್ಲ.

ಒಂದು ಸಂಜೆ ಅದು ಅಪ್‌ಡೇಟ್ ಕೇಳಿತು. ಒತ್ತಿದೆವು. ಮಾರನೆಯ ದಿನ ನೋಡಿದರೆ ವೈಫೈ ಗುರುತೇ ಇಲ್ಲ! ಅದೇ ದಿನ ಏಳು ಸಂಘಗಳ ಸಾಲದ ಪಟ್ಟಿ ಬ್ಯಾಂಕಿಗೆ ಈಮೇಲ್ ಹೋಗಬೇಕಿತ್ತು. ಗಾಬರಿಯಲ್ಲಿ ಪೇಟೆಯ ಅಂಗಡಿಗೆ ಹೊತ್ತುಕೊಂಡು ಹೋದೆವು. ಅಲ್ಲಿದ್ದವರು ಐದು ನಿಮಿಷ ನೋಡಿ, "ವೈಫೈ ಕಾರ್ಡ್ ಹೋಗಿದೆ. ಇದರಲ್ಲಿ ಹಾಕಿರೋದೂ ಸರಿಯಿಲ್ಲ. ಎಲ್ಲ ಅಳಿಸಿ ಹೊಸದು ಹಾಕ್ತೇವೆ, ಎರಡೂವರೆ ಸಾವಿರ ಆಗ್ತದೆ, ಬಿಟ್ಟು ಹೋಗಿ" ಅಂದರು. ನಾವು ಒಪ್ಪಿಯೂ ಆಗಿತ್ತು. ಬಾಗಿಲ ತನಕ ಬಂದ ಮೇಲೆ ನಮ್ಮಲ್ಲೊಬ್ಬರು ತಿರುಗಿ ಕೇಳಿದರು, "ಒಳಗಿರುವ ಲೆಕ್ಕ?" "ಅದು ಇರಲ್ಲ. ಕಾಪಿ ಇಟ್ಟುಕೊಂಡಿದ್ದೀರಲ್ಲ?"

ಕಾಪಿ ಇತ್ತು, ಪೆನ್‌ಡ್ರೈವ್‌ನಲ್ಲಿ. ಆದರೆ ಮೂರು ತಿಂಗಳ ಹಿಂದಿನದು. ಇದು ನಮ್ಮದೇ ತಪ್ಪು, ಸಭೆಯ ಮುಂದೆ ಒಪ್ಪಿಕೊಳ್ಳುತ್ತೇವೆ. ಆ ಮೂರು ತಿಂಗಳಲ್ಲಿ ಯಾರು ಕಂತು ಕಟ್ಟಿದ್ದಾರೆ, ಯಾರ ಬಡ್ಡಿ ಬಾಕಿಯಿದೆ, ಎಲ್ಲವೂ ಆ ಯಂತ್ರದೊಳಗೆ. ನಿಮ್ಮ ಪಾಸ್‌ಬುಕ್‌ಗೂ ನಾವು ಅದನ್ನು ನೋಡಿಯೇ ಬರೆಯುವುದು. ಲ್ಯಾಪ್‌ಟಾಪ್ ಎತ್ತಿಕೊಂಡು ವಾಪಸ್ ಬಸ್ ಹತ್ತಿದೆವು.

ಸಂಜೆ ಆ ಹುಡುಗಿಗೆ ಫೋನ್ ಮಾಡಿದೆವು. ಅವಳು ಕೇಳಿದ ಮೊದಲ ಮಾತು: "ಅತ್ತೆ, ನಲ್ಲಿಯಲ್ಲಿ ನೀರು ಬಾರದಿದ್ರೆ ನೀವು ಮೊದಲು ಏನು ನೋಡ್ತೀರಿ?" ತಿರುಪು ಬಿಟ್ಟಿದೆಯಾ ಅಂತ ನೋಡುತ್ತೇವೆ, ಆಮೇಲೆ ಪೈಪು, ಆಮೇಲೆ ಟ್ಯಾಂಕು. ಇಲ್ಲಿಯೂ ಅದೇ ಕ್ರಮ.

ತಿರುಪು ಅಂದರೆ ಏರೋಪ್ಲೇನ್ ಮೋಡ್. ಕೆಲವು ಲ್ಯಾಪ್‌ಟಾಪ್‌ಗಳ ಪಕ್ಕದಲ್ಲಿ ವೈಫೈಗೆ ಸಣ್ಣ ಸ್ವಿಚ್ಚೇ ಇರುತ್ತದೆ, ಒರೆಸುವಾಗ ಸರಿದುಹೋಗುತ್ತದೆ. ಕಂಟ್ರೋಲ್, ಆಲ್ಟ್, ಟಿ ಮೂರನ್ನೂ ಒಟ್ಟಿಗೆ ಒತ್ತಿದರೆ ಟರ್ಮಿನಲ್ ಎಂಬ ಕಪ್ಪು ಕಿಟಕಿ ಬರುತ್ತದೆ. ನೋಡಿದರೆ ಹೆದರಿಕೆ ಆಗ್ತದೆ, ನಿಜ. ಆದರೆ ಬರೀ ಪ್ರಶ್ನೆ ಕೇಳುವ ಆಜ್ಞೆ ಕೊಟ್ಟರೆ ಏನೂ ಹಾಳಾಗುವುದಿಲ್ಲ. ಅಲ್ಲಿ 'ಆರ್‌ಎಫ್‌ಕಿಲ್ ಲಿಸ್ಟ್' ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಎಂಟರ್ ಒತ್ತಿದರೆ ಎರಡು ಬೀಗದ ಸುದ್ದಿ ಹೇಳುತ್ತದೆ. 'ಸಾಫ್ಟ್' ಬೀಗಕ್ಕೆ 'ಯೆಸ್' ಅಂದರೆ ತಂತ್ರಾಂಶವೇ ಮುಚ್ಚಿದೆ, 'ಆರ್‌ಎಫ್‌ಕಿಲ್ ಅನ್‌ಬ್ಲಾಕ್ ವೈಫೈ' ಎಂದು ಬರೆದು ತೆಗೆಯಬಹುದು. 'ಹಾರ್ಡ್' ಬೀಗಕ್ಕೆ 'ಯೆಸ್' ಅಂದರೆ ಹೊರಗಿನ ಸ್ವಿಚ್ಚನ್ನೋ ಕೀಲಿಯನ್ನೋ ಕೈಯಿಂದಲೇ ಹಾಕಬೇಕು. ನಮ್ಮದರಲ್ಲಿ ಎರಡು ಬೀಗವೂ ತೆಗೆದೇ ಇದ್ದವು.

ಮುಂದೆ, ಕಾರ್ಡ್ ನಿಜಕ್ಕೂ ಸತ್ತಿದೆಯಾ? 'ಎಲ್‌ಎಸ್‌ಪಿಸಿಐ' ಎಂದು ಬರೆದಾಗ ಬಂದ ಪಟ್ಟಿಯಲ್ಲಿ 'ನೆಟ್‌ವರ್ಕ್ ಕಂಟ್ರೋಲರ್' ಎಂಬ ಸಾಲು, ಎದುರಿಗೆ ಬ್ರಾಡ್‌ಕಾಮ್ ಎಂಬ ಹೆಸರು ಇತ್ತು. ಯಂತ್ರಕ್ಕೆ ಅದು ಕಾಣಿಸುತ್ತಿದೆ ಅಂತಾಯ್ತು. ಆಮೇಲೆ ಹುಡುಗಿ ಹೇಳಿದ ಉಪಾಯ ನೀವೆಲ್ಲ ನೆನಪಿಡುವಂಥದು. ಉಬುಂಟುವಿನ ತಿರುಳಿಗೆ ಕರ್ನೆಲ್ ಅನ್ನುತ್ತಾರೆ. ಹೊಸ ಕರ್ನೆಲ್ ಬಂದರೂ ಹಿಂದಿನದನ್ನು ಅದು ತೆಗೆದಿಟ್ಟಿರುತ್ತದೆ. ಲ್ಯಾಪ್‌ಟಾಪ್ ಶುರುವಾಗುವಾಗ ಹಳೆಯ ಯಂತ್ರದಲ್ಲಿ ಶಿಫ್ಟ್ ಹಿಡಿದುಕೊಂಡರೆ, ಹೊಸದರಲ್ಲಿ ಎಸ್ಕೇಪ್ ಒತ್ತಿದರೆ ಒಂದು ಪಟ್ಟಿ ಬರುತ್ತದೆ. ಅದರಲ್ಲಿ 'ಅಡ್ವಾನ್ಸ್ಡ್ ಆಪ್ಷನ್ಸ್' ಒಳಗೆ ಹೋಗಿ ಹಿಂದಿನ ಕರ್ನೆಲ್ ಆರಿಸಬೇಕು. ಆರಿಸಿದೆವು. ವೈಫೈ ಬಂತು! ಕಾರ್ಡ್ ಗಟ್ಟಿಯಾಗಿಯೇ ಇತ್ತು. ಆ ರಾತ್ರಿಯೇ ಬ್ಯಾಂಕಿಗೆ ಪಟ್ಟಿ ಕಳಿಸಿದೆವು, ಅದಕ್ಕೂ ಮೊದಲು ಪೆನ್‌ಡ್ರೈವ್‌ಗೆ ಕಾಪಿ ಮಾಡಿದೆವು.

ಹಾಗಾದರೆ ಕೆಟ್ಟದ್ದು ಯಾವುದು? ಕಾರ್ಡಿಗೂ ಕರ್ನೆಲ್‌ಗೂ ನಡುವೆ ಮಾತು ದಾಟಿಸುವ ಡ್ರೈವರ್. ಬೇರೆ ಎಷ್ಟೋ ಕಾರ್ಡುಗಳ ಡ್ರೈವರ್ ಕರ್ನೆಲ್ ಒಳಗೇ ಸೇರಿರುತ್ತದೆ. ಬ್ರಾಡ್‌ಕಾಮ್‌ನ ಕೆಲವು ಹಳೆಯ ಕಾರ್ಡುಗಳದು ಕಂಪನಿ ಮುಚ್ಚಿಟ್ಟ ಬರಹ. ಅದನ್ನು ಹೊರಗಿನಿಂದ ತಂದು ಪ್ರತಿ ಹೊಸ ಕರ್ನೆಲ್‌ಗೂ ಹೊಂದಿಸಬೇಕು. ಅಳತೆ ಬದಲಾದಾಗ ರವಿಕೆಯ ಹೊಲಿಗೆ ಬಿಚ್ಚಿ ಮತ್ತೆ ಹಾಕಿದ ಹಾಗೆ. ಹಳೆಯ ಕರ್ನೆಲ್‌ನಲ್ಲೇ ಇದ್ದುಬಿಡಬಹುದಿತ್ತು, ಆದರೆ ಅದಕ್ಕೆ ಮುಂದಿನ ಭದ್ರತೆಯ ತಿದ್ದುಪಡಿ ಸಿಗುವುದಿಲ್ಲ. ಹೊಸದಕ್ಕೆ ಹೋದರೆ ನೆಟ್ ಇಲ್ಲ. ನೆಟ್‌ಗೆ ಡ್ರೈವರ್ ಬೇಕು, ಡ್ರೈವರ್ ತರಲು ನೆಟ್ ಬೇಕು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಅಂದ ಹಾಗಾಯ್ತು.

ದಾರಿ ನಮ್ಮ ಕೈಯಲ್ಲೇ ಇತ್ತು. ಫೋನನ್ನು ಕೇಬಲ್‌ನಿಂದ ಲ್ಯಾಪ್‌ಟಾಪ್‌ಗೆ ಸೇರಿಸಿ, ಫೋನಿನ ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ 'ಯುಎಸ್‌ಬಿ ಟೆದರಿಂಗ್' ಹಾಕಿದರೆ ವೈಫೈ ಇಲ್ಲದೆಯೇ ನೆಟ್ ಬರುತ್ತದೆ. ನಮಗೆ ಅದೂ ಮೊದಲ ಸಲ ಬರಲಿಲ್ಲ! ಅರ್ಧ ಗಂಟೆ ತಲೆ ಕೆಡಿಸಿಕೊಂಡ ಮೇಲೆ ತಿಳಿಯಿತು, ನಮ್ಮ ಕೇಬಲ್ ಬರೀ ಚಾರ್ಜ್ ಮಾಡುವಂಥದು, ಡೇಟಾ ದಾಟಿಸುವುದಿಲ್ಲ. ಮಾರನೆಯ ದಿನ ಡೇಟಾ ಕೇಬಲ್ ಕೊಂಡು ತಂದು, ಬಾಕಿಯಿದ್ದ ಅಪ್‌ಡೇಟ್ ಮುಗಿಸಿ, 'ಅಡಿಷನಲ್ ಡ್ರೈವರ್ಸ್' ತೆರೆದು ಬ್ರಾಡ್‌ಕಾಮ್ ಎದುರಿನ ಗುಂಡಿ ಒತ್ತಿ, ಯಂತ್ರ ಆರಿಸಿ ಹಾಕಿದೆವು. ಹೊಸ ಕರ್ನೆಲ್‌ನಲ್ಲೂ ವೈಫೈ ಬಂತು. ಕೆಲವು ಯಂತ್ರಗಳಲ್ಲಿ ಈ ಹೊತ್ತಿಗೆ ಒಂದು ಪಾಸ್‌ವರ್ಡ್ ಮಾಡಿಸಿಕೊಂಡು, ಮತ್ತೆ ಶುರುವಾಗುವಾಗ ನೀಲಿ ಪರದೆ ತೋರಿಸುತ್ತದೆ. ಅಲ್ಲಿ 'ಎನ್‌ರೋಲ್' ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ಗಾಬರಿಯಿಂದ 'ಕಂಟಿನ್ಯೂ' ಒತ್ತಿದರೆ ಡ್ರೈವರ್ ಕೆಲಸ ಮಾಡುವುದಿಲ್ಲ.

ಇನ್ನು ಸಣ್ಣಪುಟ್ಟವು. ಪಾಸ್‌ವರ್ಡ್ ಸರಿಯಾಗಿ ಹೊಡೆದರೂ ತಪ್ಪು ಅನ್ನುತ್ತಿದ್ದರೆ, ಕೀಲಿಮಣೆ ಕನ್ನಡದಲ್ಲಿದೆಯಾ ನೋಡಿ. ಹೆಸರು ಬರೆಯಲು ಕನ್ನಡಕ್ಕೆ ಹಾಕಿರುತ್ತೇವೆ, ಚುಕ್ಕಿ ಮಾತ್ರ ಕಾಣುವುದರಿಂದ ಗೊತ್ತಾಗೋದಿಲ್ಲ. ಬೇರೆ ವೈಫೈ ಕಂಡು ನಿಮ್ಮ ಫೋನಿನ ಹಾಟ್‌ಸ್ಪಾಟ್ ಮಾತ್ರ ಕಾಣದಿದ್ದರೆ, ಫೋನ್ 5 ಗಿಗಾಹರ್ಟ್ಸ್‌ನಲ್ಲಿ ಇರಬಹುದು. ಹಳೆಯ ಕಾರ್ಡುಗಳಲ್ಲಿ ಅನೇಕವು 2.4 ಮಾತ್ರ ಬಲ್ಲವು, ಫೋನಿನಲ್ಲಿ ಅದಕ್ಕೆ ಬದಲಿಸಿ. ವೈಫೈ ಇದ್ದೂ ಯಾವ ಪುಟವೂ ತೆರೆಯದೆ 'ಸುರಕ್ಷಿತವಲ್ಲ' ಅಂದರೆ ಮೇಲಿನ ದಿನಾಂಕ ನೋಡಿ. ಒಳಗಿನ ಗುಂಡಿ ಬ್ಯಾಟರಿ ಮುಗಿದಿದ್ದರೆ ಯಂತ್ರ ಎಷ್ಟೋ ವರ್ಷ ಹಿಂದೆ ಹೋಗಿ ಕೂತಿರುತ್ತದೆ.

ಪೆನ್‌ಡ್ರೈವ್ ಕಾಪಿ ಇನ್ನು ಮೇಲೆ ಪ್ರತಿ ಶನಿವಾರ ಮಾಡುತ್ತೇವೆ, ದಿನಾಂಕ ಬರೆದು ಸಹಿ ಹಾಕಿದ ಪುಸ್ತಕ ಮೇಜಿನ ಮೇಲಿದೆ. ಖರ್ಚಿನ ವಿಷಯಕ್ಕೆ ಬಂದರೆ, ಪೇಟೆಗೆ ಎರಡು ಸಲ ಹೋಗಿ ಬಂದ ಬಸ್ ಚಾರ್ಜ್ ನಮ್ಮ ಕೈಯಿಂದಲೇ ಹಾಕಿದ್ದೇವೆ. ಡೇಟಾ ಕೇಬಲ್‌ಗೆ 150 ರೂಪಾಯಿ, ಅದನ್ನು ಬರೆಯಲು ಮರೆತಿದ್ದೆವು. ರಸೀದಿ ಇಲ್ಲಿದೆ, ನೋಡಿ ಈ ಸಭೆಯಲ್ಲೇ ಮಂಜೂರು ಮಾಡಿಕೊಡಬೇಕು.